ಹಂಪಿ ಉತ್ಸವದಲ್ಲಿ ಆತಿಥ್ಯದ ಪ್ರಶ್ನೆ

ನಾಡಿನ ಸಂಸ್ಕೃತಿಯನ್ನು ಉತ್ಸವದ ರೂಪದಲ್ಲಿ ಜನರ ಮುಂದಿಡುವ ಪದ್ಧತಿ ಈಗ ಎಲ್ಲೆಡೆಯೂ ಬಳಕೆಗೆ ಬಂದಿದೆ. ಇಂಥ ಉತ್ಸವದ ಗುಣದೋಷಗಳನ್ನು ನಿರ್ಣಯಿಸುವಾಗ ವೇದಿಕೆಯ ಮೇಲೆ ಏನು ನಡೆಯಿತೆಂಬುದನ್ನೇ ನಾವು ಸಾಮಾನ್ಯವಾಗಿ ವಿಚಾರಿಸುತ್ತೇವೆ. ಅದಕ್ಕೂ ಮೊದಲು ಕೇಳತಕ್ಕ ಪ್ರಶ್ನೆ ಬೇರೊಂದುಂಟು: ಬಂದವರಿಗೆ ಅಡುಗೆ ಮಾಡಿ ಬಡಿಸಿದವರು ಯಾರು? ಎಂ. ಪಿ. ಪ್ರಕಾಶರ ಆಸಕ್ತಿಯಿಂದ 1980ರ ದಶಕದಲ್ಲಿ ಮೊದಲಾದ ಹಂಪಿ ಉತ್ಸವವನ್ನು ಈ ಪ್ರಶ್ನೆಯ ಮೂಲಕ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಹೋಲಿಕೆಗೆ ದೂರದ ನಿದರ್ಶನವೊಂದನ್ನು ತೆಗೆದುಕೊಳ್ಳುತ್ತೇವೆ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನೆಲಸಿದ ಗ್ರೀಕರು ತಮ್ಮ ಆರ್ಥಡಾಕ್ಸ್ ಚರ್ಚುಗಳ ಅಂಗಳದಲ್ಲಿ ಊಟ ಕುಣಿತಗಳ ವಾರ್ಷಿಕೋತ್ಸವ ನಡೆಸುವುದುಂಟು. ಗ್ರೀಸಿನ ಹಳ್ಳಿಗಳಲ್ಲಿ ಸಂತರ ದಿನದಂದು ಕೂಡುವ ಜಾತ್ರೆಯೇ ಇದರ ಬೇರು. ಅದಕ್ಕೆ ಅವರು ಪನಿಗಿರಿ ಎನ್ನುತ್ತಾರೆ, ಎಲ್ಲರೂ ಸೇರುವುದು ಎಂದು ಮೂಲಾರ್ಥ. ಸೊಪ್ಪು, ಚೀಸುಗಳನ್ನು ತುಂಬಿ ಬೇಯಿಸಿದ ಸ್ಪನಕೋಪಿತವನ್ನೂ, ಕರಿದು ಜೇನು ಸುರಿದ ಲುಕುಮಾದೆಸ್ ಎಂಬ ಉಂಡೆಗಳನ್ನೂ ಮಾಡುವವರು ಬಹುಮಟ್ಟಿಗೆ ಆ ಚರ್ಚಿನ ಸಭಿಕರೇ. ಉಳಿದ ಹಣವೂ ಚರ್ಚಿಗೇ ಸಲ್ಲುತ್ತದೆ. ಹೋಮರನ ನಾಡಿನ ಸಂಸ್ಕೃತಿ ನಾಲ್ಕು ತಿಂಡಿ, ಎರಡು ಕುಣಿತಗಳಿಗೆ ಇಳಿದುಹೋಯಿತೆಂದು ಯಾರಾದರೂ ಆಕ್ಷೇಪಿಸಿದರೆ ನಾವು ಅಲ್ಲಗಳೆಯೆವು. ಆದರೆ ಅತಿಥಿ ಯಾರು, ಆತಿಥೇಯ ಯಾರು ಎಂಬ ಸಂದೇಹ ಅಲ್ಲಿ ಯಾರಿಗೂ ಹುಟ್ಟುವುದಿಲ್ಲ.

ಹಂಪಿಗೆ ಈ ಕ್ರಮ ಅಪರಿಚಿತವೇನೂ ಅಲ್ಲ. ಕೃಷ್ಣದೇವರಾಯನು ಪಟ್ಟಾಭಿಷೇಕೋತ್ಸವದ ಸಂದರ್ಭದಲ್ಲಿ ವಿರೂಪಾಕ್ಷನ ಗುಡಿಗೆ ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿದನೆಂದು ತಿಳಿಸುವ ಶಾಸನವೇ, ದೇವರ ನೈವೇದ್ಯಕ್ಕಾಗಿ ಆತನು ಗ್ರಾಮವೊಂದನ್ನು ಬಿಟ್ಟುದನ್ನೂ ತಿಳಿಸುತ್ತದೆ. ಕಂಬಗಳ ಶಿಲ್ಪವನ್ನು ಹೊಗಳಿ ನೈವೇದ್ಯದ ಮಾತನ್ನು ಬಿಟ್ಟರೆ ಶಾಸನದ ಅರ್ಧವನ್ನೇ ಬಿಟ್ಟಂತಾಯಿತು. ಹಾಳುಗಳ ನಡುವೆ ನೀರಿನ ಕಾಲುವೆಯೊಂದರ ಎರಡೂ ಬದಿಗೆ ಸಾಲಾಗಿ ಹಾಸಿರುವ ಕಲ್ಲಿನ ತಟ್ಟೆಗಳನ್ನು ವಾಚಕರು ನೋಡಿರಬಹುದು. ಅನ್ನಕ್ಕೆ ಒಂದು, ವ್ಯಂಜನಗಳಿಗೆ ಬೇರೆ ಬೇರೆ ಎಂಬಂತೆ ಅವುಗಳಲ್ಲಿ ಗುಳಿಗಳನ್ನು ಕೊರೆದಿದ್ದಾರೆ. ಅಲ್ಲಿ ಕುಳಿತು ಉಂಡವರು ರಾಜಪುರುಷರೋ, ಯಾತ್ರಿಕರೋ, ಆ ಚರ್ಚೆ ಹಾಗಿರಲಿ. ಊಟದ ಪಂಕ್ತಿಯೂ ಕಲ್ಲಿನಲ್ಲಿ ಕಡೆದಿಡತಕ್ಕ ವಸ್ತುವೆಂದು ಆ ಕಾಲದವರು ಎಣಿಸಿದ್ದರೆಂಬುದು ಸ್ಪಷ್ಟ.

ಇನ್ನು ಇಂದಿನ ಉತ್ಸವ. ಜಾನಪದ ವಾಹಿನಿಯಲ್ಲಿ ಡೊಳ್ಳು, ವೀರಗಾಸೆಗಳ ತಂಡಗಳು ಸಾಲುಗಟ್ಟಿ ಬರುವ ನೋಟ ನಿಜವಾಗಿಯೂ ಭವ್ಯ. ಧ್ವನಿಬೆಳಕಿನ ರೂಪಕವೂ ಸಾವಿರಾರು ಜನರಿಗೆ ಚರಿತ್ರೆಯ ರುಚಿ ಹತ್ತಿಸಿದೆ. ಆದರೆ ಇವೆಲ್ಲಕ್ಕೂ ಯಜಮಾನನು ಸರ್ಕಾರ. ಸುತ್ತಿನ ಊರುಗಳವರು ಪ್ರೇಕ್ಷಕರು, ಇಲ್ಲವೆ ಪ್ರದರ್ಶಿತರು. ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯನ್ನು ಎಲ್ಲರೂ ಮೆಚ್ಚುತ್ತಾರೆ, ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಅವರ ಒಲೆಯ ಮೇಲೆ ಏನು ಬೇಯುತ್ತದೆಂದು ಕೇಳುವವರು ವಿರಳ. ವಿಜಯನಗರ ಕಾಲದ ಕಾಲುವೆಗಳ ನೀರುಂಡು ಬೆಳೆಯುವ ಕಂಪ್ಲಿಯ ಭತ್ತ, ಹೊಸಪೇಟೆಯ ಬೀದಿಬೀದಿಗಳ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಜೋಳದ ರೊಟ್ಟಿ, ಪುಂಡಿಪಲ್ಯ ಇವು ಉತ್ಸವದ ಅಂಗವೆನಿಸದೆ ಅಂಚಿನ ಮಳಿಗೆಗಳ ಸರಕಾಗುತ್ತವೆ. (2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು, ರೊಟ್ಟಿಗೆ ಆ ಗಡಿಯ ಪರಿಚಯವಿಲ್ಲ.)

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ವಿರೂಪಾಕ್ಷನ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿ, ಬಂದ ಯಾತ್ರಿಕರಿಗೆ ಚಹ, ತಿಂಡಿ, ಊಟಗಳನ್ನು ಒದಗಿಸುತ್ತಿದ್ದ ಕುಟುಂಬಗಳನ್ನು 2011ರ ಜುಲೈಯಲ್ಲಿ ಅಲ್ಲಿಂದ ಎಬ್ಬಿಸಲಾಯಿತು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಮಾರಕಗಳ ರಕ್ಷಣೆ ಅಗತ್ಯವೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಕಂಬಗಳ ನಡುವೆ ಗೋಡೆ ಎಬ್ಬಿಸಿದುದೂ ಸರಿಯಲ್ಲ. ಆದರೂ ಮಂಟಪಗಳನ್ನು ಉಳಿಸಿಕೊಳ್ಳುವ ಆತುರದಲ್ಲಿ, ಆ ಬೀದಿಯನ್ನು ಬಜಾರೆಂದು ಕರೆಯಲು ಕಾರಣರಾದವರನ್ನೇ ನಾವು ಕಳೆದುಕೊಂಡೆವು. ಬಡಿಸುವವರನ್ನು ಹೊರಗಿಟ್ಟು ಬಡಿಸುವ ಸಂಸ್ಕೃತಿಯನ್ನು ಪ್ರದರ್ಶಿಸುವುದು ಹೇಗೆ?

ಚೈತ್ರದ ರಥೋತ್ಸವದಲ್ಲಿ ಈ ತೊಡಕಿಲ್ಲ. ಆಗ ಬುತ್ತಿ ಕಟ್ಟಿಕೊಂಡು ಬಂದವರು ಹೊಳೆಯ ದಡದಲ್ಲಿ ಗಂಟು ಬಿಚ್ಚುತ್ತಾರೆ, ಪಕ್ಕದವರಿಗೂ ಕೊಡುತ್ತಾರೆ. ಉತ್ಸವದ ಯೋಜಕರು ವೇದಿಕೆಗಳಲ್ಲಿ ಒಂದನ್ನು ಕಡಮೆ ಮಾಡಿ, ಆ ಹಣದಿಂದ ಸುತ್ತಿನ ಊರುಗಳವರಿಗೆ ಒಲೆ, ಪಾತ್ರೆ, ನೆರಳುಗಳನ್ನು ಒದಗಿಸಿ, ದಿನಕ್ಕೊಂದು ಊರಿನ ಪಂಕ್ತಿಯನ್ನು ಅವರವರ ವಶಕ್ಕೇ ಒಪ್ಪಿಸಿ ನೋಡಬಹುದು. ಮೊದಲ ದಿನದ ಪಂಕ್ತಿ ಬಜಾರಿನಿಂದ ಎದ್ದುಹೋದವರಿಗೆ ಸಲ್ಲಲಿ.