ತೂತು ಬಿದ್ದ ದೋಣಿ, ಮಾತಾಡದ ಮುದುಕ

ನಿರ್ದೇಶಕ ಜೆ. ಸಿ. ಚಾಂಡರ್ ಅವರ ‘ಮಾರ್ಜಿನ್ ಕಾಲ್’ ಚಿತ್ರದ ತುಂಬ ಬರೀ ಮಾತು. ಅವರೇ 2013ರಲ್ಲಿ ತಂದ ‘ಆಲ್ ಈಸ್ ಲಾಸ್ಟ್’ನಲ್ಲಿ ಮಾತಿಗೆ ಹೆಚ್ಚುಕಡಿಮೆ ರಜೆ. ಇಡೀ ಚಿತ್ರಕ್ಕೆ ಒಬ್ಬನೇ ನಟ, ಎಪ್ಪತ್ತು ದಾಟಿದ ರಾಬರ್ಟ್ ರೆಡ್‌ಫರ್ಡ್. ಪಾತ್ರಕ್ಕೆ ಹೆಸರೂ ಇಲ್ಲ. ಹಿಂದೂ ಮಹಾಸಾಗರದ ನಡುವೆ ಅವನ ಹಾಯಿದೋಣಿಗೆ, ಯಾವುದೋ ಹಡಗಿನಿಂದ ಉದುರಿ ತೇಲುತ್ತಿದ್ದ ಕಂಟೇನರ್ ಗುದ್ದಿದೆ. ನಿದ್ದೆಯಿಂದ ಎದ್ದರೆ ಕ್ಯಾಬಿನ್ನಿನಲ್ಲಿ ನೀರು.

ಮುಂದಿನ ರಿಪೇರಿಯೇ ಚಿತ್ರದ ಜೀವಾಳ. ಕಂಟೇನರನ್ನು ಬಿಡಿಸಿಕೊಂಡವನು ದೋಣಿಯ ದಿಕ್ಕು ಬದಲಿಸುತ್ತಾನೆ. ಗಾಳಿ ಇನ್ನೊಂದು ಮಗ್ಗುಲಿಗೆ ಬಿದ್ದು ದೋಣಿ ವಾಲುತ್ತದೆ, ತೂತು ನೀರಿನಿಂದ ಮೇಲೇಳುತ್ತದೆ. ಯಾರೂ ವಿವರಿಸದೆ ನಮಗೆ ಎಲ್ಲ ತಿಳಿಯುತ್ತದೆ. ಆಮೇಲೆ ಫೈಬರ್ ಗ್ಲಾಸ್ ಬಟ್ಟೆ, ರೆಸಿನ್, ಬ್ರಷ್ಷು. ಕೈಪಂಪಿಗೆ ಹಿಡಿ ಬೇಕೆಂದು ಕೋಲೊಂದನ್ನು ಹೆರೆಯುತ್ತಾನೆ. ಕ್ಯಾಮೆರಾ ಅವಸರಪಡದೆ ಆ ಕೈಗಳನ್ನೇ ನೋಡುತ್ತ ಕೂರುತ್ತದೆ.

ನನ್ನ ತಕರಾರು ಇರುವುದೂ ಆ ನಿಧಾನದ ಬಗ್ಗೆಯೇ. ನೀರಿನ ಮಟ್ಟಕ್ಕಿಂತ 60 ಸೆಂ.ಮೀ. ಕೆಳಗೆ 5 ಸೆಂ.ಮೀ. ಅಗಲದ ತೂತಾದರೆ ಸಾಕು, ನಿಮಿಷಕ್ಕೆ 200 ಲೀಟರಿಗೂ ಮಿಕ್ಕಿ ನೀರು ನುಗ್ಗುತ್ತದೆ. ಆದ್ದರಿಂದ ಮೊದಲು ಹಾಸಿಗೆ, ದಿಂಬು, ಬಟ್ಟೆ, ಕೈಗೆ ಸಿಕ್ಕಿದ್ದನ್ನು ತುರುಕಿ, ಒಳಗಿನಿಂದ ಹಲಗೆ ಒತ್ತುಕೊಟ್ಟು ನಿಲ್ಲಿಸಬೇಕು. ನಂತರ ಪಂಪು. ರೆಸಿನ್ ಕೊನೆಗೆ, ಸಾಮಾನ್ಯ ರೆಸಿನ್ನಿಗೆ ಒಣಗಿದ ಮೈ ಬೇಕು, ಗಟ್ಟಿಯಾಗಲು ಹೊತ್ತು ಬೇಕು. ಈ ಕಸುಬಿನ ಜಾಣತನವೆಲ್ಲ ಇರುವುದು ಯಾವುದು ಮೊದಲು ಎಂಬುದರಲ್ಲಿ. ಚಿತ್ರದ ನಾಯಕ ಮಾತ್ರ ಭಾನುವಾರ ಮನೆಯ ಕಿಟಕಿಗೆ ಬಣ್ಣ ಹೊಡೆಯುವವನಷ್ಟು ಸಾವಧಾನಿ.

1770ರಲ್ಲಿ ಜೇಮ್ಸ್ ಕುಕ್‌ನ ‘ಎಂಡೆವರ್’ ಗ್ರೇಟ್ ಬ್ಯಾರಿಯರ್ ರೀಫಿಗೆ ಬಡಿದಾಗ ನಾವಿಕರು ಮಾಡಿದ್ದು ಇದಕ್ಕೆ ತದ್ವಿರುದ್ಧ. ಹಾಯಿಯೊಂದಕ್ಕೆ ಹಗ್ಗದ ನಾರು, ಉಣ್ಣೆ, ಸಗಣಿ ಮೆತ್ತಿ ಹಡಗಿನ ತಳಕ್ಕೆ ಎಳೆದರು. ನುಗ್ಗುವ ನೀರೇ ಅದನ್ನು ಬಿರುಕಿಗೆ ಹೀರಿ ಕೂರಿಸಿತು. ನೋಡಲು ಅಸಹ್ಯ, ದಡ ಮುಟ್ಟಲು ಸಾಕು. ನಿಜವಾದ ರಿಪೇರಿ ನಡೆದದ್ದು ನದೀಮುಖ ಸೇರಿದ ಮೇಲೆ.

ತೇಪೆಯನ್ನು ಅಂದಗಾಣಿಸಿದ್ದು ಚಾಂಡರ್ ಅವರ ತಪ್ಪು. ಆದರೂ ಕೆಲಸದಲ್ಲಿ ಮುಳುಗಿದ ಮನುಷ್ಯನ ಮುಖವನ್ನು ಇಷ್ಟು ಗೌರವದಿಂದ ತೋರಿಸಿದ ಚಿತ್ರಗಳು ಕಡಿಮೆ. ಆ ಮುಖಕ್ಕಾಗಿ ನೋಡಿ. ದೋಣಿ ಉಳಿಸುವ ವಿದ್ಯೆಯನ್ನು ಬೇರೆಡೆ ಕಲಿಯಿರಿ.