ಆತ್ಮಕಥೆಯಲ್ಲಿ ವಿಲಾಯತಿಯ ವ್ಯಾಸಂಗ

ಗಾಂಧೀಜಿಯವರ ಆತ್ಮಕಥೆಯನ್ನು ಓದುವವರು ಸಾಧಾರಣವಾಗಿ ದಕ್ಷಿಣ ಆಫ್ರಿಕದ ಪ್ರಕರಣಗಳಿಗೆ ಅವಸರಪಡುವರು; ಅದಕ್ಕೆ ಮುಂಚಿನ ವಿಲಾಯತಿಯ ಅಧ್ಯಾಯಗಳನ್ನು ವಿನೋದಕ್ಕಾಗಿ ಓದಿ ಮುಂದೆ ಸಾಗುವರು. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ತೆತ್ತು ಹೊಲಿಸಿದ ಉಡುಪು, ತಾಳಕ್ಕೆ ಒಗ್ಗದ ನರ್ತನಾಭ್ಯಾಸ, ಕೊಂಡು ಮಾರಿದ ಪಿಟೀಲು, ಇವು ನಗೆ ತರಿಸತಕ್ಕವೇ ಸರಿ. ಆದರೆ ಆ ವ್ಯಾಮೋಹದ ಕಾಲವು ಸುಮಾರು ಮೂರು ತಿಂಗಳು ಮಾತ್ರ. ಆ ಭಾಗದ ಸಾರವಿರುವುದು ಬೇರೆಡೆಯಲ್ಲಿ.

1888ನೆಯ ಇಸವಿ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹಡಗು ಹೊರಟಾಗ ಅವರಿಗೆ ಹತ್ತೊಂಬತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು. ಜಾತಿಯವರು ಬಹಿಷ್ಕಾರ ಹಾಕಿದ್ದರು. ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ವರ್ಜಿಸುವೆನೆಂದು ಜೈನ ಯತಿಯೊಬ್ಬರ ಮುಂದೆ ಮಗನು ಪ್ರತಿಜ್ಞೆ ಮಾಡಿದ ಮೇಲೆಯೇ ತಾಯಿ ಪುತಲೀಬಾಯಿಯವರು ಅನುಮತಿ ಕೊಟ್ಟರು. ಇಲ್ಲಿ ಒಂದು ಸಂಗತಿಯನ್ನು ವಾಚಕರು ಮರೆಯಬಾರದು. ಆಗ ಆ ತರುಣನಿಗೆ ಮಾಂಸವರ್ಜನದಲ್ಲಿ ನಂಬಿಕೆಯೇ ಇರಲಿಲ್ಲ. ದೇಶದವರೆಲ್ಲ ಮಾಂಸ ತಿಂದರೆ ಒಳಿತೆಂದೇ ಅವನ ಎಣಿಕೆ. ಕೊಟ್ಟ ಮಾತಿಗಾಗಿ ಮಾತ್ರ ಲಂಡನ್ನಿನಲ್ಲಿ ಅರೆಹೊಟ್ಟೆಯಲ್ಲಿದ್ದನು. ಕಡೆಗೆ ಫಾರಿಂಗ್ಡನ್ ಬೀದಿಯಲ್ಲಿ ಶಾಕಾಹಾರದ ಭೋಜನಶಾಲೆ ದೊರೆಯಿತು. ಅಲ್ಲಿಯೇ ಒಂದು ಷಿಲಿಂಗಿಗೆ ಸಾಲ್ಟ್ ಎಂಬವರ ಪುಸ್ತಕವೂ ದೊರೆಯಿತು. ಅದನ್ನು ಓದಿದಂದಿನಿಂದ ತಾಯಿಯ ವಿಧಿಯು ಮಗನ ಸ್ವಂತ ಮತವಾಯಿತು.

ಇದಕ್ಕಿಂತಲೂ ಸ್ವಾರಸ್ಯವಾದುದು ಮೊಟ್ಟೆಯ ಪ್ರಸಂಗ. ಮಾಂಸವೆಂದರೇನು? ಪಶುಪಕ್ಷಿಗಳ ಮಾಂಸವೆಂದು ಒಬ್ಬರು, ಮೀನೂ ಸೇರಿತೆಂದು ಮತ್ತೊಬ್ಬರು, ಮೊಟ್ಟೆಹಾಲುಗಳೂ ಸೇರಿದುವೆಂದು ಮೂರನೆಯವರು. ಮೊದಲ ಎರಡು ಲಕ್ಷಣಗಳಿಂದ ಮೊಟ್ಟೆಗೆ ಬಾಧಕವಿಲ್ಲ. ಕೆಲವು ದಿನ ತಿಂದುದೂ ಉಂಟು. ಬಳಿಕ ಆತನಿಗೆ ಹೊಳೆಯಿತು: ಪ್ರತಿಜ್ಞೆಯ ಅರ್ಥವನ್ನು ನಿರ್ಣಯಿಸತಕ್ಕವರು ಅದನ್ನು ಮಾಡಿಸಿದವರು, ತಾಯಿಯ ವಿವಕ್ಷೆಯಲ್ಲಿ ಮೊಟ್ಟೆಯೂ ಮಾಂಸವೇ. ಮೊಟ್ಟೆ ಬಿಟ್ಟುದಾಯಿತು, ಮೊಟ್ಟೆ ಬೆರೆತಿರಬಹುದಾದ ಸಿಹಿತಿನಿಸುಗಳನ್ನು ವಿಚಾರಿಸಿಯೇ ತಿನ್ನಬೇಕಾಯಿತು. ನಮ್ಮ ಮೀಮಾಂಸಕರು ವಾಕ್ಯಾರ್ಥಕ್ಕಾಗಿ ಎಷ್ಟೋ ಅಧಿಕರಣಗಳನ್ನು ರಚಿಸಿದರು. ಅವರ ಶಾಸ್ತ್ರವನ್ನೋದದೆ, ಪರದೇಶದ ಊಟದ ಮೇಜಿನ ಮುಂದೆ, ತನಗೆ ಅನುಕೂಲವಾದ ಅರ್ಥವನ್ನು ತಾನೇ ತಳ್ಳಿಹಾಕುವುದು ಸಾಮಾನ್ಯ ವಿದ್ಯೆಯಲ್ಲ. ಬಾರಿಸ್ಟರ್ ಪರೀಕ್ಷೆಗೆ ಅವರು ಓದಿದ ರೋಮನ್ ಕಾನೂನಿನಲ್ಲಿಯೂ ಇದು ದೊರೆತಂತೆ ತೋರುವುದಿಲ್ಲ.

ಗೀತೆಯ ಪ್ರಸ್ತಾಪವಾದರೋ ಅತೃಪ್ತಿ ಉಳಿಸುತ್ತದೆ. ಥಿಯಾಸಫಿಯ ಇಬ್ಬರು ಸೋದರರು ಆರ್ನಾಲ್ಡರ ಇಂಗ್ಲಿಷ್ ಅನುವಾದವನ್ನು ತೋರಿಸಿ, ಮೂಲವನ್ನು ಜೊತೆಯಲ್ಲಿ ಓದೋಣವೆಂದು ಕರೆದಾಗ, ಅದನ್ನು ಸಂಸ್ಕೃತದಲ್ಲಾಗಲಿ ಗುಜರಾತಿಯಲ್ಲಾಗಲಿ ಓದಿರಲಿಲ್ಲವೆಂದು ಅವರು ನಾಚಿದರು. ಶಾಲೆಯಲ್ಲಿ ಪಾರಸಿಯ ತರಗತಿಗೆ ಜಾರಿದ್ದ ಹುಡುಗನನ್ನು ಸಂಸ್ಕೃತಕ್ಕೆ ಮರಳಿ ಕರೆದ ಉಪಾಧ್ಯಾಯರನ್ನು ಇಲ್ಲಿ ನೆನೆಯದಿರುವುದು ಕಷ್ಟ. ಇಷ್ಟು ದೊಡ್ಡ ಸಂಗತಿಯನ್ನು ಬೈಬಲ್ಲಿನ ಓದು ಮೊದಲಾದವುಗಳೊಡನೆ ಒಂದೇ ಅಧ್ಯಾಯದಲ್ಲಿ ಅಡಕಿರುವುದು ಗ್ರಂಥದ ಕೊರತೆಯೆಂದೇ ಹೇಳಬೇಕು. ಉಡುಪಿನ ವರ್ಣನೆಗೆ ಸಂದ ಸ್ಥಳದಲ್ಲಿ ಅರ್ಧವಾದರೂ ಇದಕ್ಕೆ ಸಲ್ಲಬಹುದಾಗಿತ್ತು.

1891ನೆಯ ಇಸವಿ ಜೂನ್ 10ರಂದು ಬಾರಿಸ್ಟರ್ ಪದವಿ, 12ರಂದು ಸ್ವದೇಶಪ್ರಯಾಣ. ಮುಂಬಯಿಯಲ್ಲಿ ಇಳಿದ ಮೇಲೆ, ತಾಯಿ ತೀರಿಕೊಂಡ ಸುದ್ದಿಯನ್ನು ಅಣ್ಣನು ಅದುವರೆಗೂ ಮುಚ್ಚಿಟ್ಟಿದ್ದುದು ತಿಳಿಯಿತು. ತಂದೆ ಸತ್ತಾಗಿನದಕ್ಕಿಂತ ಹೆಚ್ಚಿನ ದುಃಖವಾಯಿತಂತೆ. ಕಣ್ಣೀರನ್ನು ಮಾತ್ರ ತಡೆದುಕೊಂಡರಂತೆ. ಗ್ರಂಥಕರ್ತರು ಇದಕ್ಕೆ ಕೊಟ್ಟಿರುವುದು ಕೆಲವೇ ವಾಕ್ಯಗಳು. ಉಳಿಸಿಕೊಂಡು ಬಂದ ಪ್ರತಿಜ್ಞೆಯ ವಿಚಾರವನ್ನು ಅಲ್ಲಿ ಎತ್ತಿಯೂ ಇಲ್ಲ.