ಮೌನವೂ ಸಮ್ಮತಿಯೂ: ಇರಾಕಿನ ಸುನ್ನಿ ಜನಾಭಿಪ್ರಾಯವನ್ನು ಕುರಿತು ಒಂದು ವಿಮರ್ಶೆ

'ಮೌನಂ ಸಮ್ಮತಿಲಕ್ಷಣಂ' ಎಂಬ ನ್ಯಾಯವು ನಮ್ಮಲ್ಲಿ ಮನೆಮಾತಾಗಿದೆ. ಮದುವೆಯ ಮಾತುಕತೆಯಲ್ಲಿಯೂ ಪಂಚಾಯಿತಿಯ ಕಟ್ಟೆಯ ಮೇಲೆಯೂ ಅದು ಸಲ್ಲಬಹುದು. ಆದರೆ ಆಡಿದ ಮಾತು ಪ್ರಾಣಕ್ಕೆ ಎರವಾಗುವಂಥ ನಾಡಿನಲ್ಲಿ ಈ ನ್ಯಾಯವು ಎಷ್ಟರಮಟ್ಟಿಗೆ ಸಲ್ಲೀತು? ೨೦೦೩ರಿಂದೀಚೆಗೆ ಇರಾಕಿನ ಸುನ್ನಿ ಜನರ ಮನೋಭಾವವನ್ನು ಕುರಿತು ಬಂದಿರುವ ಬರೆಹಗಳನ್ನು ಓದುವಾಗ ಈ ಪ್ರಶ್ನೆಯು ಮತ್ತೆ ಮತ್ತೆ ಎದುರಾಗುತ್ತದೆ. ಇವುಗಳಲ್ಲಿ ಅನೇಕವು, ಬಾಯಿಬಿಟ್ಟು ಹೇಳಿದರೂ ಹೇಳದಿದ್ದರೂ, ಒಂದು ಸರಳವಾದ ತಕ್ಕಡಿಯನ್ನು ಕೈಯಲ್ಲಿ ಹಿಡಿದಿವೆ: ಒಂದು ತಟ್ಟೆಯಲ್ಲಿ ಸರಕಾರ, ಇನ್ನೊಂದರಲ್ಲಿ ಉಗ್ರಪಂಥ; ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಈ ತಕ್ಕಡಿಯೇ ದೋಷಯುಕ್ತವಾದುದೆಂದೂ, ಅದರಿಂದ ತೂಗಿದ ತೀರ್ಪುಗಳು ಜನರ ಬಾಳಿಗೆ ಹಾನಿಯನ್ನು ತಂದಿವೆಯೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ಮೊದಲು 'ಸುನ್ನಿ ಜನಾಭಿಪ್ರಾಯ' ಎಂಬ ಮಾತನ್ನೇ ಪರಿಶೀಲಿಸೋಣ. ಇರಾಕಿನ ಕುರ್ದರಲ್ಲಿ ಬಹುಸಂಖ್ಯಾತರು ಮತದಿಂದ ಸುನ್ನಿಗಳೇ. ಆದರೂ ಸಮೀಕ್ಷೆಗಳಲ್ಲಿ ಅವರನ್ನು ಕುರ್ದರೆಂದೇ ಬೇರೆಯಾಗಿ ಎಣಿಸಿ, ಅರಬ್ಬೀ ಭಾಷೆಯನ್ನಾಡುವ ಸುನ್ನಿಗಳನ್ನು ಮಾತ್ರ ಆ ಹೆಸರಿನಿಂದ ಕರೆಯುವುದು ರೂಢಿ. ಈ ಅರಬ್ ಸುನ್ನಿಗಳು ಎಷ್ಟು ಜನರೆಂಬುದಕ್ಕೆ ಅಧಿಕೃತವಾದ ಲೆಕ್ಕವಿಲ್ಲ. ೨೦೨೪ರ ನವೆಂಬರಿನಲ್ಲಿ ನಡೆದ ಜನಗಣತಿಯಲ್ಲಿಯೂ ಜನಾಂಗ ಮತ್ತು ಒಳಪಂಗಡಗಳ ಪ್ರಶ್ನೆಗಳನ್ನು ಕೈಬಿಡಲಾಯಿತು.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯಿದೆ. ೧೯೨೧ರಲ್ಲಿ ರಾಜ್ಯವು ಸ್ಥಾಪಿತವಾದಂದಿನಿಂದ ೨೦೦೩ರವರೆಗೆ ಆಡಳಿತದ ಸೂತ್ರಗಳು ಹೆಚ್ಚಾಗಿ ಈ ಸಮುದಾಯದಿಂದ ಬಂದವರ ಕೈಯಲ್ಲಿದ್ದವು. ಆದಕಾರಣ ಅವರಲ್ಲಿ ಬಹುಮಂದಿಗೆ ತಾವು ಇರಾಕಿಗಳು, ಅರಬರು ಎಂಬ ಅರಿವು ಇದ್ದಷ್ಟು ತಾವೊಂದು ಪಂಗಡವೆಂಬ ಅರಿವು ಇರಲಿಲ್ಲ. ಫನಾರ್ ಹದ್ದಾದ್ ಅವರು ಇರಾಕಿನ ಪಂಗಡಭಾವನೆಯನ್ನು ಕುರಿತ ೨೦೧೧ರ ತಮ್ಮ ಗ್ರಂಥದಲ್ಲಿ ಈ ಅಂಶವನ್ನು ಎತ್ತಿ ತೋರಿಸಿದ್ದಾರೆ. 'ಸುನ್ನಿ' ಎಂಬ ರಾಜಕೀಯ ಪ್ರಜ್ಞೆಯು ಗಟ್ಟಿಯಾದುದು ೨೦೦೩ರ ಅನಂತರವೇ. ಆ ವರ್ಷದ ಮೇ ತಿಂಗಳಲ್ಲಿ ಆಕ್ರಮಣಕಾರರ ಆಡಳಿತವು ಹೊರಡಿಸಿದ ಎರಡು ಆಜ್ಞೆಗಳು, ಬಾಥ್ ಪಕ್ಷದವರನ್ನು ಹುದ್ದೆಗಳಿಂದ ತೆಗೆದುಹಾಕಿದ್ದೊಂದು, ಸೈನ್ಯವನ್ನೇ ವಿಸರ್ಜಿಸಿದ್ದೊಂದು, ಈ ಪ್ರಜ್ಞೆಗೆ ಎರೆದ ನೀರಾದುವು. ಅಂದಮೇಲೆ ಸಮೀಕ್ಷಕನು ಅಳೆಯಹೊರಟ ವಸ್ತುವು ಅವನ ಕಣ್ಣೆದುರಿಗೇ ರೂಪ ತಳೆಯುತ್ತಿತ್ತೆಂಬುದನ್ನು ಮರೆಯಲಾಗದು.

೨

ಇನ್ನು ತಕ್ಕಡಿಯ ಪರೀಕ್ಷೆ. ೨೦೦೫ರ ಜನವರಿಯ ಚುನಾವಣೆಯನ್ನು ಸುನ್ನಿಗಳು ಬಹಿಷ್ಕರಿಸಿದರು; ಅನ್ಬಾರ್ ಪ್ರಾಂತದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು ೨ ಜನ ಮಾತ್ರ. ಅದೇ ಅನ್ಬಾರಿನವರು ಅದೇ ವರ್ಷದ ಅಕ್ಟೋಬರಿನಲ್ಲಿ ಸಂವಿಧಾನವನ್ನು ತಿರಸ್ಕರಿಸುವುದಕ್ಕಾಗಿ ಮತಗಟ್ಟೆಗೆ ಬಂದರು. ಅಲ್ಲಿ ಚಲಾಯಿಸಿದ ಮತಗಳಲ್ಲಿ ನೂರಕ್ಕೆ ೯೭ರಷ್ಟು, ಸಲಾಹುದ್ದೀನ್ ಪ್ರಾಂತದಲ್ಲಿ ೮೨ರಷ್ಟು ವಿರುದ್ಧವಾಗಿದ್ದವು. ಸಂವಿಧಾನವು ಬಿದ್ದುಹೋಗಬೇಕಾದರೆ ಮೂರು ಪ್ರಾಂತಗಳಲ್ಲಿ ಮೂರನೆಯ ಎರಡು ಪಾಲು ವಿರೋಧವು ಬೇಕಾಗಿತ್ತು. ನಿನೆವೇ ಪ್ರಾಂತದಲ್ಲಿ ಅದು ೫೫ಕ್ಕೆ ನಿಂತದ್ದರಿಂದ ಸಂವಿಧಾನವು ಉಳಿಯಿತು. ಒಪ್ಪದ ರಾಜ್ಯದ ಒಳಗೇ ನಿಂತು, ಆ ರಾಜ್ಯವೇ ಹಾಕಿಕೊಟ್ಟ ನಿಯಮದ ಪ್ರಕಾರ ಬೇಡವೆನ್ನುವುದನ್ನು ಉಗ್ರಪಂಥದ ಪರವಾದ ಮತವೆನ್ನುವುದು ಹೇಗೆ?

ಮರುವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಸಂಸ್ಥೆಯೊಂದು ನಡೆಸಿದ ಸಮೀಕ್ಷೆಯು ಈ ವಿಷಯದಲ್ಲಿ ಬಹಳ ಬೋಧಪ್ರದವಾಗಿದೆ. ಅದರಲ್ಲಿ ಅಮೆರಿಕನ್ ನೇತೃತ್ವದ ಸೇನೆಗಳ ಮೇಲಿನ ದಾಳಿಗಳನ್ನು ಸುನ್ನಿಗಳಲ್ಲಿ ನೂರಕ್ಕೆ ೯೨ ಜನ ಅನುಮೋದಿಸಿದರು. ಇಷ್ಟನ್ನೇ ಓದಿದವನು ತಟ್ಟನೆ ತೀರ್ಪು ಕೊಟ್ಟುಬಿಟ್ಟಾನು. ಆದರೆ ಅದೇ ಸಮೀಕ್ಷೆಯಲ್ಲಿ ಅಲ್ ಖೈದಾ ಸಂಸ್ಥೆಯನ್ನು ಕುರಿತು ಪ್ರತಿಕೂಲಾಭಿಪ್ರಾಯವನ್ನು ತಿಳಿಸಿದ ಸುನ್ನಿಗಳು ನೂರಕ್ಕೆ ೭೭ ಜನ. ಅವರಲ್ಲಿ 'ಅತ್ಯಂತ ಪ್ರತಿಕೂಲ' ಎಂದವರು ೩೮ ಮಾತ್ರವೆಂಬುದೂ, ಷಿಯಾಗಳಲ್ಲಿಯೂ ಕುರ್ದರಲ್ಲಿಯೂ ಆ ಸಂಖ್ಯೆಯು ೯೦ನ್ನು ಮೀರಿತ್ತೆಂಬುದೂ ನಿಜ. ಈ ಅಂತರವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಇನ್ನೊಂದು ಕಡೆ, ಆ ದಾಳಿಗಳನ್ನು ಷಿಯಾಗಳಲ್ಲಿಯೂ ನೂರಕ್ಕೆ ೬೨ ಜನ ಅನುಮೋದಿಸಿದ್ದರು.

ಇದೇ ಸೆಪ್ಟೆಂಬರಿನಲ್ಲಿ ರಮಾದಿಯ ಬುಡಕಟ್ಟುಗಳ ಮುಖಂಡರು ಅಬ್ದುಲ್ ಸತ್ತಾರ್ ಅಬು ರಿಷಾ ಎಂಬುವನ ನಾಯಕತ್ವದಲ್ಲಿ 'ಸಹ್ವಾ', ಎಂದರೆ ಜಾಗೃತಿ, ಎಂಬ ಚಳವಳಿಯನ್ನು ಸಾರಿ, ಅಮೆರಿಕನ್ ಸೇನೆಯೊಡನೆ ಕೈಗೂಡಿಸಿ ಅಲ್ ಖೈದಾದ ವಿರುದ್ಧ ಆಯುಧ ಹಿಡಿದರು. ಸೇನೆಯನ್ನು ದ್ವೇಷಿಸುತ್ತಿದ್ದ ಜನರ ನಡುವಿನಿಂದಲೇ ಆ ಸೇನೆಯ ಮಿತ್ರರು ಹುಟ್ಟಿದರು. ತಕ್ಕಡಿಯ ನ್ಯಾಯದಿಂದ ಈ ಘಟನೆಯನ್ನು ವಿವರಿಸಲು ಬರುವುದಿಲ್ಲ. ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಬೇರೆ ಉತ್ತರಗಳಿದ್ದುವೆಂದು ಒಪ್ಪಿದರೆ ಮಾತ್ರ ಅರ್ಥವಾಗುತ್ತದೆ.

೩

ಸಹ್ವಾ ಪಡೆಗಳಲ್ಲಿ ಕ್ರಮೇಣ ಲಕ್ಷಕ್ಕೆ ಸಮೀಪದ ಜನ ಸೇರಿದರು. ಅವರಲ್ಲಿ ಐದನೆಯ ಒಂದು ಪಾಲನ್ನು ಪೊಲೀಸು ಮತ್ತು ಸೇನೆಗಳಿಗೆ ಸೇರಿಸಿಕೊಳ್ಳಬೇಕೆಂದೂ ಉಳಿದವರಿಗೆ ಬೇರೆ ಉದ್ಯೋಗ ಕೊಡಬೇಕೆಂದೂ ಒಪ್ಪಂದವಿತ್ತು. ೨೦೦೮ರಿಂದ ಹೊಣೆಯು ಬಾಗ್ದಾದಿನ ಸರಕಾರಕ್ಕೆ ಬಂದಮೇಲೆ ಅದು ಕುಂಟುತ್ತ ನಡೆದು ಅರ್ಧದಲ್ಲಿಯೇ ನಿಂತಿತು. ೨೦೧೦ರ ಚುನಾವಣೆಯಲ್ಲಿ ಸುನ್ನಿಗಳು ಬಹುವಾಗಿ ಮತವಿತ್ತದ್ದು ಅಯಾದ್ ಅಲ್ಲಾವಿಯ ಇರಾಕಿಯಾ ಕೂಟಕ್ಕೆ. ಅಲ್ಲಾವಿ ಹುಟ್ಟಿನಿಂದ ಷಿಯಾ ಎಂಬುದನ್ನು ಇಲ್ಲಿ ಗಮನಿಸಬೇಕು. ೯೧ ಸ್ಥಾನಗಳೊಡನೆ ಆ ಕೂಟವು ಮೊದಲನೆಯದಾಯಿತು. ಪ್ರಧಾನಿ ನೂರಿ ಅಲ್ ಮಾಲಿಕಿಯ ಕೂಟಕ್ಕೆ ೮೯ ಬಂದುವು. ಆದರೆ ಚುನಾವಣೆಯ ಅನಂತರ ಕೂಡಿಕೊಂಡ ಪಕ್ಷಗಳೂ ಅತಿ ದೊಡ್ಡ ಕೂಟವೆನಿಸಬಹುದೆಂದು ಸಂಯುಕ್ತ ನ್ಯಾಯಾಲಯವು ಅಭಿಪ್ರಾಯವಿತ್ತಿತು; ಮಾಲಿಕಿಯೇ ಪ್ರಧಾನಿಯಾಗಿ ಮುಂದುವರಿದನು.

೨೦೧೨ರ ಡಿಸೆಂಬರಿನಲ್ಲಿ ಸುನ್ನಿ ಅರ್ಥಮಂತ್ರಿಯ ಅಂಗರಕ್ಷಕರ ಬಂಧನವಾದಾಗ ರಮಾದಿ, ಫಲ್ಲೂಜಾಗಳಲ್ಲಿ ಪ್ರತಿಭಟನೆಯು ಆರಂಭವಾಗಿ ಒಂದು ವರ್ಷ ನಡೆಯಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರ ಬಿಡುಗಡೆ, ಭಯೋತ್ಪಾದನಾ ವಿರೋಧಿ ಕಾನೂನಿನ ತಿದ್ದುಪಡಿ ಮುಂತಾದುವು ಜನರ ಬೇಡಿಕೆಗಳು. ೨೦೧೩ರ ಏಪ್ರಿಲಿನಲ್ಲಿ ಹವೀಜಾದಲ್ಲಿ ಸೇನೆಯ ಕಾರ್ಯಾಚರಣೆಗೆ ಹತ್ತಾರು ಜನ ಬಲಿಯಾದರು. ವರ್ಷಾಂತ್ಯಕ್ಕೆ ರಮಾದಿಯ ಶಿಬಿರವನ್ನು ಕೀಳಲಾಯಿತು. ಕೆಲವು ದಿನಗಳಲ್ಲಿಯೇ ಫಲ್ಲೂಜಾ ಇಸ್ಲಾಮಿಕ್ ಸ್ಟೇಟ್ ಪಡೆಗಳ ಕೈಸೇರಿತು. ಬಹಿಷ್ಕಾರ, ಮತ, ಶಸ್ತ್ರ, ಮತ್ತೆ ಮತ, ಕೊನೆಗೆ ಬೀದಿ: ಒಂದು ಸಮುದಾಯವು ಹತ್ತು ವರ್ಷಗಳಲ್ಲಿ ತನ್ನ ಅಭಿಪ್ರಾಯವನ್ನು ಹೇಳುವ ದಾರಿಗಳೆಲ್ಲವನ್ನೂ ತುಳಿದು ನೋಡಿತ್ತು. ಮುಂದೆ ಬಂದ ಮೌನವನ್ನು ಈ ಹಿನ್ನೆಲೆಯಲ್ಲಿ ಓದಬೇಕು.

೪

೨೦೧೪ರ ಜೂನ್ ೧೦ರಂದು ಮೋಸುಲ್ ನಗರವು ಇಸ್ಲಾಮಿಕ್ ಸ್ಟೇಟಿನ ವಶವಾಯಿತು. ಸರಕಾರದ ಸೈನಿಕರು ಓಡಿಹೋದುದನ್ನೂ ಬೀದಿಯ ತಡೆಗಟ್ಟೆಗಳು ಹೋದುದನ್ನೂ ಕಂಡು ನಗರದಲ್ಲಿ ಹಲವರು ನೆಮ್ಮದಿಯ ಉಸಿರೆಳೆದರೆಂದು ಅಂದಿನ ವರದಿಗಳು ಹೇಳುತ್ತವೆ. ಲಕ್ಷಾಂತರ ಜನ ಮನೆಮಠ ಬಿಟ್ಟು ಹೋದರೆಂಬುದೂ ಅಷ್ಟೇ ನಿಜ. ಉಳಿದವರು ಸುಮ್ಮನಿದ್ದರು. ಈ ಸುಮ್ಮನಿರುವಿಕೆಯನ್ನೇ ಅನೇಕರು ಬೆಂಬಲವೆಂದು ಬಗೆದರು.

ತಿಮೂರ್ ಕುರಾನ್ ಎಂಬ ಅರ್ಥಶಾಸ್ತ್ರಜ್ಞರು ೧೯೯೫ರ ತಮ್ಮ ಗ್ರಂಥದಲ್ಲಿ, ಭಯವಿದ್ದೆಡೆ ಜನರು ಒಳಗೊಂದು ಹೊರಗೊಂದು ಇಟ್ಟುಕೊಳ್ಳುವುದರಿಂದ ಬಹಿರಂಗಾಭಿಪ್ರಾಯವು ಅಂತರಂಗಕ್ಕೆ ಕನ್ನಡಿಯಾಗಲಾರದೆಂದು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಮೋಸುಲಿನಲ್ಲಿ ಎದುರುನುಡಿದುದರ ಬೆಲೆಯೇನೆಂಬುದನ್ನು ಆ ವರ್ಷದ ಶರತ್ಕಾಲದಲ್ಲಿ ಅನ್ಬಾರಿನ ಅಲ್ಬು ನಿಮ್ರ್ ಬುಡಕಟ್ಟು ತಿಳಿಸಿಕೊಟ್ಟಿತು. ಆಯುಧ ಹಿಡಿದು ಎದುರಿಸಿದ ಆ ಸುನ್ನಿ ಬುಡಕಟ್ಟಿನ ನೂರಾರು ಜನರನ್ನು ಇಸ್ಲಾಮಿಕ್ ಸ್ಟೇಟಿನವರು ಕೊಂದುಹಾಕಿದರು. ಸರಕಾರದ ಸಹಾಯವು ಅವರಿಗೆ ಹೊತ್ತಿಗೆ ಒದಗಲಿಲ್ಲ. ಅತ್ತ ದರಿ ಇತ್ತ ಪುಲಿ ಎಂಬಂಥ ಸ್ಥಿತಿಯಲ್ಲಿ ನಿಂತಲ್ಲೇ ನಿಂತವನು ಪುಲಿಯನ್ನು ಮೆಚ್ಚಿದನೆಂದು ಹೇಳುವುದು ಸಾಹಸವೇ ಸರಿ.

ಇಲ್ಲಿ ಒಂದು ಆಕ್ಷೇಪಣೆಯು ಬರಬಹುದು. ಟಿಕ್ರೀತಿನ ಬಳಿಯ ಸ್ಪೈಕರ್ ನೆಲೆಯಿಂದ ಹೊರಬಂದ ನೂರಾರು ಷಿಯಾ ತರುಣ ಸೈನಿಕಶಿಕ್ಷಾರ್ಥಿಗಳ ಕೊಲೆಯಲ್ಲಿ, ಸಿಂಜಾರಿನ ಯಜೀದಿಗಳ ಮೇಲೆ ನಡೆದ ಘೋರಕೃತ್ಯಗಳಲ್ಲಿ, ನೆರೆಹೊರೆಯವರ ಕೈಯೂ ಇತ್ತಲ್ಲವೆ? ಇತ್ತು, ನೊಂದವರ ಈ ಸಾಕ್ಷ್ಯವನ್ನು ತಳ್ಳಿಹಾಕುವ ವಾದವು ನಮಗೆ ಸಮ್ಮತವಲ್ಲ. ಉಗ್ರಪಂಥವನ್ನು ಮನಸಾರೆ ಒಪ್ಪಿದವರು ಆ ಸಮುದಾಯದಲ್ಲಿ ಇದ್ದರು. ಆದರೆ ಅವರು ಮಾಡಿದುದು ಕೃತ್ಯ; ಕೃತ್ಯಕ್ಕೆ ಕರ್ತೃವಿದ್ದಾನೆ, ಸಾಕ್ಷಿಯಿದೆ, ವಿಚಾರಣೆ ಸಾಧ್ಯವಿದೆ. ಅಭಿಪ್ರಾಯವನ್ನು ಊಹಿಸಿ ಇಡೀ ಸಮುದಾಯದ ಮೇಲೆ ಹೊರಿಸಿದರೆ ನಿಜವಾದ ಅಪರಾಧಿಯು ಆ ಗುಂಪಿನಲ್ಲಿ ಮರೆಯಾಗುತ್ತಾನೆ. ನೊಂದವರಿಗೂ ನ್ಯಾಯವು ದೊರೆಯುವುದಿಲ್ಲ.

೫

ಮೌನದ ನ್ಯಾಯವು ಎಷ್ಟು ಟೊಳ್ಳೆಂಬುದಕ್ಕೆ ನಮ್ಮ ದೃಷ್ಟಿಯಲ್ಲಿ ಅತ್ಯಂತ ಸ್ಪಷ್ಟವಾದ ಪ್ರಮಾಣವು ದೊರೆಯುವುದು ೨೦೧೯ರಲ್ಲಿ. ಆ ಅಕ್ಟೋಬರಿನಲ್ಲಿ ಬಾಗ್ದಾದಿನಲ್ಲಿಯೂ ಷಿಯಾ ಬಹುಳವಾದ ದಕ್ಷಿಣ ಪ್ರಾಂತಗಳಲ್ಲಿಯೂ ಸರಕಾರದ ಭ್ರಷ್ಟಾಚಾರದ ವಿರುದ್ಧ ಭಾರಿ ಚಳವಳಿಯೆದ್ದು, ನೂರಾರು ಜನ ಪ್ರಾಣ ತೆತ್ತು, ಪ್ರಧಾನಿಯು ರಾಜೀನಾಮೆ ಕೊಡಬೇಕಾಯಿತು. ಆಗ ಮೋಸುಲ್ ಮತ್ತು ಅನ್ಬಾರುಗಳು ಬಹುಮಟ್ಟಿಗೆ ಸುಮ್ಮನಿದ್ದವು. ಮೌನವು ಸಮ್ಮತಿಯಾಗಿದ್ದರೆ, ಇರಾಕಿನಲ್ಲಿ ಸರಕಾರದಿಂದ ಅತ್ಯಂತ ತೃಪ್ತರಾಗಿದ್ದವರು ಸುನ್ನಿಗಳೇ ಎನ್ನಬೇಕಾಗುತ್ತದೆ! ಹಾಗೆಂದು ಯಾರೂ ಹೇಳಲಿಲ್ಲ. ಬೀದಿಗಿಳಿದರೆ ಉಗ್ರಪಂಥದ ಮುದ್ರೆ ಬೀಳುವುದೆಂಬ ಭಯವೇ ಕಾರಣವೆಂದು ಎಲ್ಲರೂ ಬಲ್ಲರು. ಚಳವಳಿಗೆ ಬೆಂಬಲವನ್ನು ಸೂಚಿಸಿ ಫೇಸ್‌ಬುಕ್ಕಿನಲ್ಲಿ ಬರೆದವರನ್ನು ಅನ್ಬಾರಿನಲ್ಲಿ ಬಂಧಿಸಿದ ಸಂಗತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ವರದಿ ಮಾಡಿತು. ೨೦೧೯ರ ಮೌನಕ್ಕೆ ಭಯವು ಕಾರಣವಾದರೆ, ಅದಕ್ಕಿಂತ ನೂರ್ಮಡಿ ಭಯವಿದ್ದ ೨೦೧೪ರ ಮೌನಕ್ಕೆ ಬೇರೆ ಅರ್ಥವನ್ನು ಕಟ್ಟುವುದು ಯಾವ ತರ್ಕ?

ಇದು ಕೇವಲ ಪಂಡಿತರ ವಾದವಲ್ಲ. ೨೦೧೭ರಲ್ಲಿ ಯುದ್ಧವು ಮುಗಿದಮೇಲೆ, ಬಂಧುವೊಬ್ಬನು ಇಸ್ಲಾಮಿಕ್ ಸ್ಟೇಟಿಗೆ ಸೇರಿದ್ದನೆಂಬ ಸಂಶಯವಿದ್ದ ಕುಟುಂಬಗಳಿಗೆ ಭದ್ರತಾ ಇಲಾಖೆಯ ಅನುಮತಿಪತ್ರವನ್ನು ನಿರಾಕರಿಸಲಾಯಿತು. ಅದಿಲ್ಲದೆ ಗುರುತಿನ ಚೀಟಿಯಿಲ್ಲ, ಮಗುವಿನ ಜನನಪತ್ರವಿಲ್ಲ, ಎಷ್ಟೋ ಕಡೆ ಶಾಲೆಗೆ ಪ್ರವೇಶವೂ ಇಲ್ಲ. ಪತ್ರ ಬೇಕಾದರೆ ಹೆಂಡತಿಯು ಗಂಡನನ್ನು, ತಾಯಿಯು ಮಗನನ್ನು ನ್ಯಾಯಾಧೀಶನ ಮುಂದೆ ನಿರಾಕರಿಸಿ ಹೇಳಿಕೆ ಕೊಡಬೇಕು. 'ತಬ್ರಿಯಾ' ಎಂದು ಅದರ ಹೆಸರು. ಉಗ್ರಪಂಥದ ಆಳ್ವಿಕೆಯಲ್ಲಿ ನಿಷ್ಠೆಯನ್ನು ನುಡಿಸಿದ ಭಯವೇ ಇಲ್ಲಿ ನಿರಾಕರಣೆಯನ್ನು ನುಡಿಸುತ್ತದೆ. ಎರಡರಲ್ಲಿ ಯಾವುದನ್ನೂ ಆ ಹೆಂಗಸಿನ ಅಭಿಪ್ರಾಯವೆಂದು ಎಣಿಸಲಾಗದು.

ಆದುದರಿಂದ ಇಂಥ ವಿಭಕ್ತ ನಾಡುಗಳ ಜನಾಭಿಪ್ರಾಯವನ್ನು ಅಭ್ಯಾಸಮಾಡುವವರು ಅಂಕಿಗಳನ್ನು ಓದುವ ಮೊದಲು, ಉತ್ತರ ಕೊಟ್ಟವನಿಗೆ ಬೇರೆ ಉತ್ತರ ಕೊಡುವ ಅವಕಾಶವಿತ್ತೆ ಎಂದು ಕೇಳಿಕೊಳ್ಳತಕ್ಕದ್ದು. ಅವಕಾಶವಿದ್ದಾಗ, ಎಂದರೆ ೨೦೦೫ರ ಮತಗಟ್ಟೆಯಲ್ಲಿಯೂ ೨೦೧೦ರ ಮತಪೆಟ್ಟಿಗೆಯಲ್ಲಿಯೂ ೨೦೧೩ರ ಬೀದಿಯಲ್ಲಿಯೂ, ಇರಾಕಿನ ಸುನ್ನಿಗಳು ಸಾಕಷ್ಟು ಸ್ಪಷ್ಟವಾಗಿಯೇ ಮಾತನಾಡಿದರು. ಅಂದು ಆ ಮಾತನ್ನು ಕೇಳದಿದ್ದವರು ಆಮೇಲೆ ಅವರ ಮೌನಕ್ಕೆ ಭಾಷ್ಯ ಬರೆಯಹೊರಟದ್ದೇ ಈ ವಿಷಯದ ದೊಡ್ಡ ದುರಂತ.